ಮೊದಲು ಪದ, ಆಮೇಲೆ ಅರ್ಥ

ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಒಂಬತ್ತು ವರ್ಷದ ಮಗ, ಆರು ವರ್ಷದ ಮಗಳು. ಇಬ್ಬರಿಗೂ ಮನೆಯಲ್ಲೇ ಪಾಠ. ‘ಹಳೆಯ ಕಾವ್ಯ, ನಾಟಕ ಎಲ್ಲ ಮಕ್ಕಳಿಗೆ ಪರಿಚಯ ಆಗಬೇಕು ಅಂತ ನನ್ನ ಆಸೆ. ನಮ್ಮ ಅತ್ತಿಗೆ ಮಾತ್ರ ಬೇಡ ಅನ್ನುತ್ತಾರೆ. ಆ ಭಾಷೆ ಮಕ್ಕಳಿಗೆ ಕಷ್ಟ, ಈಗ ಸರಳ ಕಥೆ ಓದಿಸು, ಮೂಲವೆಲ್ಲ ಹೈಸ್ಕೂಲಿಗೆ ಬಂದ ಮೇಲೆ ಸಾಕು ಅಂತ. ನನಗೇ ಎಷ್ಟೋ ಪದ್ಯ ಅರ್ಥ ಆಗುವುದಿಲ್ಲ. ಏನು ಮಾಡಲಿ?’ ಎಂದು ಕೇಳಿದ್ದಾರೆ.

ತಂಗೀ, ಅತ್ತಿಗೆಯ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಇಂಗ್ಲಿಷಿನಲ್ಲಿ ಮೇರಿ ಮತ್ತು ಚಾರ್ಲ್ಸ್ ಲ್ಯಾಂಬ್ ಎಂಬ ಅಕ್ಕ-ತಮ್ಮ 1807ರಲ್ಲೇ ಶೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳ ಕಥೆ ಮಾಡಿ ಕೊಟ್ಟಿದ್ದರು. ಆದರೆ ಅವರೇ ಮುನ್ನುಡಿಯಲ್ಲಿ, ಇದು ಮುಂದೆ ಮೂಲ ಓದುವುದಕ್ಕೆ ಪೀಠಿಕೆ ಎಂದು ಹೇಳಿಕೊಂಡಿದ್ದಾರೆ. ನಾವು ಪೀಠಿಕೆಯಲ್ಲೇ ಚಾಪೆ ಹಾಸಿ ಮಲಗಿಬಿಡುತ್ತೇವೆ. ಕಥೆ ಗೊತ್ತಾಯಿತಲ್ಲ, ಇನ್ನು ಪದ್ಯ ಯಾಕೆ ಅನ್ನುತ್ತೇವೆ.

ವಾಲಿಯ ಕಥೆಯನ್ನೇ ನೋಡಿ. ಸರಳ ಪುಸ್ತಕದಲ್ಲಿ ‘ರಾಮನು ಮರದ ಮರೆಯಿಂದ ಬಾಣ ಬಿಟ್ಟು ವಾಲಿಯನ್ನು ಕೊಂದನು’ ಅಂತ ಒಂದೇ ಸಾಲು. ಮಗು ಪುಟ ತಿರುಗಿಸುತ್ತದೆ. ಅದೇ ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಆ ಒಂದು ಸಾಲು ಒಂದು ಗಂಟೆ ಆಗುತ್ತದೆ. ಎದೆಗೆ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನೆ: ಮರೆಯಲ್ಲಿ ಯಾಕೆ ನಿಂತೆ? ನಾನು ನಿನಗೇನು ಮಾಡಿದ್ದೆ? ರಾಮ ಉತ್ತರ ಕೊಡಲೇಬೇಕು. ಬರೆದಿಟ್ಟ ಮಾತಿಲ್ಲ, ಎಲ್ಲ ಆಗಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ಮಣ್ಣಿನವರೇ ಅಲ್ವಾ? ಅವರ ಅರ್ಥಗಾರಿಕೆಯ, ಅಂದರೆ ಆಗಲೇ ಹುಟ್ಟುವ ಈ ಮಾತಿನ ಕಲೆಯ, ಧ್ವನಿಮುದ್ರಣಗಳು ಈಗಲೂ ಸಿಗುತ್ತವೆ. ಒಂದು ದಿನ ಮಗನ ಜತೆ ಕೂತು ಕೇಳಿ. ರಾಮನೂ ಉತ್ತರ ಕೊಡಬೇಕಾಗುತ್ತದೆ ಎಂಬುದು ಒಂಬತ್ತು ವರ್ಷದ ಹುಡುಗನಿಗೆ ಎಷ್ಟು ದೊಡ್ಡ ಸಂಗತಿ!

ನಮ್ಮ ಯಕ್ಷಗಾನದ ಆಟದಲ್ಲಿ ಹಾಡುವವರಾದ ಭಾಗವತರು ಮೊದಲು ಪದ, ಅಂದರೆ ಹಾಡು, ಹೇಳುತ್ತಾರೆ. ಅದನ್ನು ಮಾತಿನಲ್ಲಿ ಬಿಡಿಸುವ ಅರ್ಥ ಆಮೇಲೆ ಬರುತ್ತದೆ. ಮಕ್ಕಳಿಗೆ ಕಾವ್ಯ ಕಲಿಸುವ ಕ್ರಮವೂ ಇದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಕಿವಿಗೆ ಮೊದಲು ಬೀಳಲಿ. ಅರ್ಥಕ್ಕೆ ಅವಸರ ಏನು?

ನಮ್ಮ ಪಕ್ಕದ ಮನೆಯಲ್ಲಿ ನಿಮ್ಮ ಮಗಳ ವಯಸ್ಸಿನದೇ ಒಂದು ಹುಡುಗಿ ಇದ್ದಾಳೆ. ಅಜ್ಜ ಸಂಜೆ ಜಗಲಿಯಲ್ಲಿ ಕೂತು ಹಳೆಯ ಯಕ್ಷಗಾನ ಪ್ರಸಂಗದ ಪದ ಹೇಳುತ್ತಿರುತ್ತಾರೆ. ಒಂದು ದಿನ ಅವಳು ಕೇಳಿದಳು, ‘ಪವನಸುತ ಅಂದ್ರೆ ಚಿನ್ನದ ಮಗನಾ?’ ಅಂತ. ನಮ್ಮ ಕಡೆ ಪವನು ಅಂದರೆ ಚಿನ್ನದ ಲೆಕ್ಕ ತಾನೇ? ಅಜ್ಜ ಪಾಠ ಮಾಡಲು ಕೂರಲಿಲ್ಲ. ‘ಪವನ ಅಂದ್ರೆ ಗಾಳಿ’ ಅಂತ ಒಂದೇ ಮಾತು ಹೇಳಿ ಪದ ಮುಂದುವರಿಸಿದರು. ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು ಅಡಿಕೆ ಮರಗಳೆಲ್ಲ ಒಂದೇ ಕಡೆ ಬಾಗಿದವು. ಅವಳು ಹೊಸ್ತಿಲಲ್ಲಿ ನಿಂತು ಕೂಗಿದಳು: ‘ಅಜ್ಜಾ, ಹನುಮಂತನ ಅಪ್ಪ ಬಂದ!’ ಶಬ್ದಾರ್ಥದ ಪಟ್ಟಿ ಬರೆಸಿದ್ದರೆ ಈ ಮಾತು ಹುಟ್ಟುತ್ತಿತ್ತೇ?

ನಿಮಗೇ ಅರ್ಥ ಆಗದ ಪದ್ಯ ಇದೆ ಅಂತ ಹಿಂಜರಿಯುತ್ತೀರಿ. ಅದು ಸರಿ ಅಲ್ಲ ತಂಗೀ. ಎಲ್ಲ ತಿಳಿದೇ ಕಲಿಸುತ್ತೇನೆ ಎಂದು ಕೂತರೆ ಮಕ್ಕಳ ಮದುವೆ ವಯಸ್ಸು ಬಂದೀತು. ಕುಮಾರವ್ಯಾಸನ ಒಂದು ಭಾಮಿನಿ ಷಟ್ಪದಿ ತೆಗೆದುಕೊಳ್ಳಿ. ಮೂರು-ನಾಲ್ಕು, ಮೂರು-ನಾಲ್ಕು ಎಂದು ನಡೆಯುತ್ತದೆ. ಸಾಲಿಗೆ 14 ಮಾತ್ರೆ, ಮೂರನೆಯದೂ ಆರನೆಯದೂ ಮಾತ್ರ ಉದ್ದ, 23. ಆ ಎರಡು ಸಾಲಿನಲ್ಲಿ ಮಗಳು ಚಪ್ಪಾಳೆ ಜಾಸ್ತಿ ಹೊತ್ತು ತಟ್ಟಲಿ. ನೀವು ಬಸಳೆ ಹೆಚ್ಚುತ್ತಲೇ ಹೇಳಬಹುದು. ವಾರಕ್ಕೆ ಒಂದು ಪದ್ಯ ಸಾಕು.

ಮಗನಿಗೆ ನಾಟಕ ಓದಿಸಬೇಕೆಂದರೆ ಮಂಜೇಶ್ವರಕ್ಕೆ ಹೋಗಿ. ಗೋವಿಂದ ಪೈಗಳು (1883–1963) ಏಕಲವ್ಯನ ಕಥೆಯನ್ನು ‘ಹೆಬ್ಬೆರಳು’ ಎಂಬ ಪದ್ಯನಾಟಕ ಮಾಡಿದ್ದಾರೆ. ಅದೇ ಕಥೆಗೆ ಕುವೆಂಪು ‘ಬೆರಳ್‌ಗೆ ಕೊರಳ್’ ಬರೆದಿದ್ದಾರೆ. ಕಡಲ ತೀರದ ಒಬ್ಬ ಕವಿ, ಮಲೆನಾಡಿನ ಒಬ್ಬ ಕವಿ, ಕತ್ತರಿಸಿದ ಬೆರಳು ಒಂದೇ. ಎರಡನ್ನೂ ಗಟ್ಟಿಯಾಗಿ ಓದಿ. ದ್ರೋಣನ ಮಾತು ನಿಮಗೆ, ಏಕಲವ್ಯನ ಮಾತು ಅವನಿಗೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳಂತೂ ಇದ್ದೇ ಇವೆ. ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯ ಯಕ್ಷಗಾನ ಗೊಂಬೆಯಾಟ ಕಾಸರಗೋಡಿನಲ್ಲೇ ಇದೆ. ಇಷ್ಟೆಲ್ಲ ಅಂಗಳದಲ್ಲೇ ಇಟ್ಟುಕೊಂಡು ನಾವು ‘ಕಷ್ಟ’ ಅನ್ನುತ್ತಿದ್ದೇವೆ.

ಕಷ್ಟ ಮಾಡಿದ್ದು ಯಾರು? ಎಂಟು ಸಾಲು ಕತ್ತರಿಸಿ ಪಠ್ಯದಲ್ಲಿ ಹಾಕಿ, ಕೆಳಗೆ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂದು ಕೇಳಿದರು. ರಾಗವಿಲ್ಲ, ತಾಳವಿಲ್ಲ. ಅದರ ಮೇಲೆ ನಮ್ಮ ಪಾಡು ಬೇರೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮಲಯಾಳವನ್ನು ನಾನು ದೂರುವುದಿಲ್ಲ. ಅದೂ ನಮ್ಮ ಮಕ್ಕಳ ಬಾಯಲ್ಲಿ ಚೆನ್ನಾಗಿ ಆಡುವ ಭಾಷೆ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡವೇ ಬಾರದ ಅಧ್ಯಾಪಕರು ಬಂದು ನಿಂತಾಗ, ಮಕ್ಕಳು ಬೀದಿಗಿಳಿದು ಕೇಳಬೇಕಾಗಿ ಬಂತಲ್ಲ, ಅದು ನನ್ನನ್ನು ಇವತ್ತಿಗೂ ಸುಡುತ್ತದೆ. ಷಟ್ಪದಿಯನ್ನು ಬಾಯಿಬಿಟ್ಟು ಹೇಳುವ ಒಬ್ಬ ಮೇಷ್ಟ್ರು ಸಿಗದೆ ಹೈಸ್ಕೂಲು ಮುಗಿಸುವ ಮಕ್ಕಳು ಇಲ್ಲಿ ಎಷ್ಟಿಲ್ಲ? ಹೈಸ್ಕೂಲಿಗೆ ಬಿಡು ಎನ್ನುವ ಅತ್ತಿಗೆಗೆ ಇದನ್ನು ಹೇಳಿ.

ಈಗ ಆಟಗಳೂ ಕಾಲಮಿತಿಗೆ ಬಂದಿವೆ. ಆದರೂ ಬೆಳಗಿನವರೆಗೆ ನಡೆಯುವ ದೇವಿಮಹಾತ್ಮೆ ಎಲ್ಲಾದರೂ ಇದೆ ಎಂದು ಗೊತ್ತಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಒಳಗೆ ಹೋಗಬೇಕು, ಆಮೇಲೆ ಮೇಳ ತಿರುಗುವುದಿಲ್ಲ. ಒಂದು ಚಾಪೆ, ಒಂದು ಹೊದಿಕೆ ಇರಲಿ. ಮೊದಲು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಬಣ್ಣ ಹಾಕುವುದನ್ನು ತೋರಿಸಿ. ನಿದ್ದೆ ಬಂದರೆ ಮಲಗಲಿ, ಬೈಯಬೇಡಿ. ದೊಂದಿ ಹಿಡಿದು ಮಹಿಷಾಸುರ ಸಭೆಯ ಹಿಂದಿನಿಂದ ಬರುವಾಗ ಮಾತ್ರ ಮರೆಯದೆ ಎಬ್ಬಿಸಿ.