ಶುಗರ್ ತಾನಾಗೇ ಇಳಿದರೆ ಖುಷಿ ಪಡಬೇಕಾ?

ಪ್ರಶ್ನೆ: ಅಪ್ಪನಿಗೆ 62 ವರ್ಷ, 14 ವರ್ಷದಿಂದ ಶುಗರ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 180ಕ್ಕಿಂತ ಕೆಳಗೆ ಬಂದದ್ದೇ ಇಲ್ಲ. ಮೂರು ತಿಂಗಳಿಂದ ಅದೇ ಮಾತ್ರೆಗೆ 80–90 ತೋರಿಸುತ್ತಿದೆ. ಎರಡು ಸಲ ರಾತ್ರಿ ಬೆವರಿ ನಡುಗಿದರು. ಸಂಜೆಯಾದರೆ ಪಾದ ಊದುತ್ತದೆ. ‘ಮುದ್ದೆ, ವಾಕಿಂಗ್ ಕೆಲಸ ಮಾಡ್ತು’ ಅನ್ನುತ್ತಾರೆ. ಎರಡು ವರ್ಷದ ಹಿಂದೆ ಕಿಡ್ನಿಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.3 ಇತ್ತು, ಪರವಾಗಿಲ್ಲ ಅಂದಿದ್ದರು.
– ಓದುಗರು, ದಾವಣಗೆರೆ

ಉತ್ತರ: ಅಪ್ಪನ ಖುಷಿ ಕೆಡಿಸಲು ನನಗೂ ಬೇಜಾರು. ಆದರೆ ನನಗೆ ಅನುಮಾನ ಮುದ್ದೆಯ ಮೇಲಲ್ಲ, ಕಿಡ್ನಿ ಮೇಲೆ. ಇನ್ಸುಲಿನ್ನನ್ನೂ ಶುಗರ್‌ನ ಕೆಲವು ಮಾತ್ರೆಗಳನ್ನೂ ಮೈಯಿಂದ ಖಾಲಿ ಮಾಡುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಅದು ಸೋತರೆ ಔಷಧಿ ರಕ್ತದಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. ನಿನ್ನೆಯ ಮಾತ್ರೆ ಇಳಿಯುವ ಮೊದಲೇ ಇವತ್ತಿನದು ಸೇರುತ್ತದೆ. ರಾತ್ರಿ ಬೆವರಿ ನಡುಗಿದ್ದು ಲೋ ಶುಗರ್ ಇದ್ದೀತು. ಮತ್ತೆ ಹಾಗಾದರೆ ಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮಾತ್ರೆಯ ಡೋಸ್ ಇಳಿಸಬೇಕಾಗಬಹುದು, ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ಆ 1.3 ವಿಚಾರ. ಅಪ್ಪನ ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಇಳಿದಷ್ಟೂ ಕಿಡ್ನಿ ಸೋತಿದೆ ಅಂತ) ಆಗಲೇ 60ರ ಆಸುಪಾಸಿನಲ್ಲಿತ್ತು. ಕ್ರಿಯಾಟಿನಿನ್ ಒಂದನ್ನೇ ನಂಬಿ ಕೂರಬಾರದು. ಕಿಡ್ನಿಯ ಅರ್ಧ ಶಕ್ತಿ ಹೋಗುವವರೆಗೂ ಅದು ಸುಮ್ನೆ ನಾರ್ಮಲ್ ಗೆರೆಯೊಳಗೇ ಇರಬಹುದು. ಸಾಮಾನ್ಯವಾಗಿ ಮೊದಲು ಬಾಯಿಬಿಡುವುದು ಮೂತ್ರ. ಬೆಳಗಿನ ಮೊದಲ ಮೂತ್ರ ಕೊಟ್ಟು ‘ಅಲ್ಬುಮಿನ್–ಕ್ರಿಯಾಟಿನಿನ್ ರೇಶಿಯೋ’ ಮಾಡಿಸಿ. 30 ದಾಟಿದ್ದರೆ ಕಿಡ್ನಿಯ ಜರಡಿ ತೂತಾಗುತ್ತಿದೆ, ಪ್ರೋಟೀನ್ ಸೋರುತ್ತಿದೆ ಅಂತ. ಜ್ವರ, ಉರಿಮೂತ್ರ ಇದ್ದಾಗ ಸುಳ್ಳು ಹೆಚ್ಚಳ ಬರುತ್ತದೆ, ಆಗ ಬೇಡ. ಟೈಪ್ 2 ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಈ ಟೆಸ್ಟ್ ಆಗಬೇಕು. 14 ವರ್ಷದಲ್ಲಿ ಎಷ್ಟು ಸಲ ಆಗಿದೆ, ಫೈಲ್ ತೆಗೆದು ನೋಡಿ.

ಪಾದದ ಊತಕ್ಕೆ ಹೃದಯವೂ ಕಾರಣ ಇರಬಹುದು, ಬಿಪಿಯ ಅಮ್ಲೊಡಿಪಿನ್ ಮಾತ್ರೆಯೂ ಇರಬಹುದು. ಅದನ್ನು ಡಾಕ್ಟರ್ ನೋಡಲಿ.

ಇನ್ನೊಂದು ಕೇಳಿ: ಮಂಡಿನೋವಿಗೆ ಮೆಡಿಕಲ್ ಶಾಪಿನ ಡೈಕ್ಲೊಫೆನಾಕ್ ನುಂಗುತ್ತಾರಾ? ಅಪ್ಪಂದಿರು ಇದನ್ನು ಡಾಕ್ಟರಿಗೆ ಹೇಳುವುದೇ ಇಲ್ಲ! ಸೋತ ಕಿಡ್ನಿಗೆ ಅದು ಗಾಯದ ಮೇಲೆ ಬರೆ.

ಕಿಡ್ನಿ ತೊಂದರೆ ಅಂದ ತಕ್ಷಣ ಡಯಾಲಿಸಿಸ್ ಅಂತ ಹೆದರಬೇಡಿ. ಬಿಪಿ 130/80ರೊಳಗೆ ಇಟ್ಟು, ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್ ತರಹದ ಔಷಧಿ ಕೊಟ್ಟರೆ ಹಾಳಾಗುವ ವೇಗ ಚೆನ್ನಾಗಿ ತಗ್ಗುತ್ತದೆ. ಯಾವುದು ಅಪ್ಪನಿಗೆ ಹೊಂದುತ್ತದೆ ಅನ್ನುವುದು ಟೆಸ್ಟ್ ಬಂದ ಮೇಲೆ. ಹೋಗುವಾಗ ಮನೆಯಲ್ಲಿರುವ ಮಾತ್ರೆ ಶೀಟುಗಳನ್ನೆಲ್ಲ, ದಿಂಬಿನ ಕೆಳಗಿನದೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ.