ತೇವದ ಹವೆಗೆ ಯಾವ ನೆಲ?

ಪ್ರಶ್ನೆ: ನಮ್ಮಲ್ಲಿ ವರ್ಷದ ಬಹುಪಾಲು ಗಾಳಿಯಲ್ಲಿ ತೇವ ಹೆಚ್ಚು. ನೆಲಮಹಡಿಯ 12×14 ಅಡಿ ಕೋಣೆಗೆ ಮರದ ನೆಲ ಹಾಕಿಸುವ ಆಸೆ. ಕಾಂಕ್ರೀಟ್ ಹಾಕಿ ಎರಡು ತಿಂಗಳಾಯಿತು, ಒಣಗಿದಂತೆ ಕಾಣುತ್ತದೆ. ಕೆಲಸ ಶುರು ಮಾಡಬಹುದೇ?

ಉತ್ತರ: ಈಗಲೇ ಬೇಡ. ಮೇಲೆ ಒಣಗಿದ ಕಾಂಕ್ರೀಟಿನ ಹೊಟ್ಟೆಯಲ್ಲಿ ಇನ್ನೂ ನೀರಿರುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ರೂಢಿಯ ಲೆಕ್ಕ. ನಾಲ್ಕು ಇಂಚಿಗೆ ನಾಲ್ಕು ತಿಂಗಳು, ನಿಮ್ಮ ಹವೆಗೆ ಇನ್ನೂ ಹೆಚ್ಚು. ಎರಡಡಿ ಚೌಕದ ಪಾಲಿಥಿನ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, 24 ಗಂಟೆ ಬಿಟ್ಟು ಎತ್ತಿ ನೋಡಿ. ಹನಿ ಕಟ್ಟಿದ್ದರೆ, ಅಥವಾ ಆ ಚೌಕ ಸುತ್ತಲಿಗಿಂತ ಕಪ್ಪಾಗಿದ್ದರೆ, ತೇವ ಮೇಲೇಳುತ್ತಿದೆ ಎಂದೇ ಅರ್ಥ. ಏನೂ ಕಾಣದಿದ್ದರೂ ಪೂರ್ತಿ ನಂಬಬೇಡಿ. ಕಾಂಕ್ರೀಟಿಗೆ ರಂಧ್ರ ಕೊರೆದು ಮೀಟರಿನಿಂದ ಒಳಗಿನ ತೇವ ಅಳೆಸುವುದೇ ಖಚಿತ.

ಇನ್ನು ಮರ. ಗಟ್ಟಿ ಮರ, ಅಂದರೆ ಪದರಗಳಿಲ್ಲದ ಒಂದೇ ಮರದ ಹಲಗೆ, ಉದ್ದಕ್ಕೆ ಅಷ್ಟಾಗಿ ಹಿಗ್ಗದು, ಅಗಲಕ್ಕೆ ಹಿಗ್ಗುತ್ತದೆ. ಅದರ ತೇವಾಂಶ ಶೇ. 3ರಷ್ಟು ಏರಿದರೆ 125 ಮಿ.ಮೀ. ಹಲಗೆ ಅರ್ಧದಿಂದ ಒಂದು ಮಿ.ಮೀ. ಹಿಗ್ಗಬಹುದು. 12 ಅಡಿ ಅಗಲಕ್ಕೆ ಇಂಥ ಹಲಗೆ ಮೂವತ್ತರ ಹತ್ತಿರ ಬೇಕು. ಲೆಕ್ಕ ಹಾಕಿ ನೋಡಿ. ಹಾಗಾಗಿ ನೆಲಮಹಡಿಗೆ ಗಟ್ಟಿ ಮರವನ್ನು ನಾವು ಹೇಳುವುದಿಲ್ಲ. ಮರವೇ ಬೇಕೆಂದರೆ ತೆಳು ಪದರಗಳನ್ನು ಒಂದಕ್ಕೊಂದು ಅಡ್ಡವಾಗಿ ಅಂಟಿಸಿದ ಎಂಜಿನಿಯರ್ಡ್ ಹಲಗೆ ಇರಲಿ. ಮರದ ನೋಟ ಸಾಕೆಂದರೆ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಅಥವಾ ವಿಟ್ರಿಫೈಡ್ ಟೈಲ್ಸ್ ಆದೀತು.

ಕೋಣೆ 168 ಚದರಡಿ. ಕತ್ತರಿಸಿದ ತುಂಡುಗಳಿಗೆ ಶೇ. 10 ಸೇರಿಸಿ 185 ಚದರಡಿ ತರಿಸಿ. ಗಾರೆ, ಬಣ್ಣದ ಕೆಲಸ ಮುಗಿದು ಒಣಗಿದ ಮೇಲೆಯೇ ಹಲಗೆ ಒಳಗೆ ಬರಲಿ, ತಯಾರಕರು ಹೇಳಿದಷ್ಟು ದಿನ ಅದೇ ಕೋಣೆಯಲ್ಲಿರಲಿ. ಅಂಟಿಸದೆ ತೇಲುವಂತೆ ಹಾಸುವುದಾದರೆ ಕೆಳಗೆ 200 ಮೈಕ್ರಾನ್ ಪಾಲಿಥಿನ್ ಹಾಸಿ, ಜೋಡಣೆಯಲ್ಲಿ 200 ಮಿ.ಮೀ. ಒಂದರ ಮೇಲೊಂದು ಬರುವಂತೆ ಟೇಪ್ ಹಾಕಿಸಿ.

ಪ್ರಶ್ನೆ: ಲ್ಯಾಮಿನೇಟ್ (ಮರದ ನಾರು ಒತ್ತಿ ಮಾಡಿದ ಹಲಗೆ) ನೆಲ ಮಳೆಗಾಲದಲ್ಲಿ ನಡುವೆ ಉಬ್ಬಿ, ಕಾಲಿಟ್ಟರೆ ಟಪ್ ಎನ್ನುತ್ತದೆ. ಏಕೆ?

ಉತ್ತರ: ಹಿಗ್ಗಲು ಜಾಗವಿಲ್ಲದಿರಬಹುದು. ಸ್ಕರ್ಟಿಂಗ್ ಬಿಚ್ಚಿ ನೋಡಿ. ಹಲಗೆ ಗೋಡೆಗೆ ತಾಗಿದ್ದರೆ ಸುತ್ತ 8ರಿಂದ 12 ಮಿ.ಮೀ. ಕತ್ತರಿಸಿ ತೆಗೆಸಿ. ಬಾಗಿಲ ಚೌಕಟ್ಟಿನ ಬುಡವನ್ನು ಮರೆಯಬೇಡಿ, ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ. ಭಾರದ ಬೀರು ಒತ್ತಿ ಹಿಡಿದಿದ್ದರೂ ಹೀಗಾಗುತ್ತದೆ. ಅಂಚುಗಳೇ ಊದಿ ಪುಡಿಯಾಗುತ್ತಿದ್ದರೆ ನೀರು ಒಳಹೊಕ್ಕಿದೆ. ನೀರಿನ ಮೂಲ ಮುಚ್ಚಿ ಆ ಹಲಗೆಗಳನ್ನು ಬದಲಿಸಿ, ಊದಿದ್ದು ಮತ್ತೆ ಇಳಿಯುವುದಿಲ್ಲ.