ಒಂದೇ ಲೋಕಲ್‌ಗೆ ಎರಡು ಕರೆಂಟ್ ಯಾಕೆ?

ಪ್ರಶ್ನೆ: ಮೊದಲು ಡೊಂಬಿವಲಿಯಲ್ಲಿದ್ದೆ, ಈಗ ಬೆಂಗಳೂರಿನಲ್ಲಿದ್ದೇನೆ. ಆಗ ಮುಂಬೈಗೆ ಬಂದ ಹೊಸ ಲೋಕಲ್‌ಗಳು ಎಸಿ, ಡಿಸಿ ಎರಡೂ ಬಗೆಯ ಕರೆಂಟಿನಲ್ಲಿ ಓಡುತ್ತವೆ ಅಂತಿದ್ರು. ಯಾಕೆ ಹಾಗೆ? ಬೆಂಗಳೂರಿನ ಉಪನಗರ ರೈಲಿಗೂ ಅಂಥ ಗಾಡಿ ಬೇಕಾ?

ಉತ್ತರ: ಮುಂಬೈಯಲ್ಲಿ ವಿದ್ಯುತ್ ರೈಲು ಶುರುವಾಗಿದ್ದು 1925ರಲ್ಲಿ, 1,500 ವೋಲ್ಟ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ. ಆಮೇಲೆ ದೇಶದ ಉಳಿದ ಕಡೆ 25,000 ವೋಲ್ಟ್ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಬಂತು, ಮುಂಬೈ ಮಾತ್ರ ಹಳೆಯದರಲ್ಲೇ ಉಳಿಯಿತು.

ಒಂದು ಸಣ್ಣ ಲೆಕ್ಕ ನೋಡಿ. ಗಾಡಿಗೆ 3,000 ಕಿಲೋವಾಟ್ ಬೇಕು ಅಂತಿಟ್ಟುಕೊಳ್ಳಿ. ಡಿಸಿ ತಂತಿಯಲ್ಲಿ 2,000 ಆಂಪಿಯರ್ ಹರಿಯಬೇಕು. ಎಸಿಯಲ್ಲಾದರೆ ಸುಮಾರು 120 ಸಾಕು. ಡಿಸಿಗೆ ದಪ್ಪ ತಂತಿ ಬೇಕು, ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕು. 9 ಬೋಗಿಯ ಗಾಡಿ 12 ಬೋಗಿಯಾದರೆ, ನಾಲ್ಕು ನಿಮಿಷಕ್ಕೊಂದು ಇದ್ದದ್ದು ಮೂರು ನಿಮಿಷಕ್ಕೊಂದಾದರೆ, ಈ ವ್ಯವಸ್ಥೆ ಏದುಸಿರು ಬಿಡುತ್ತದೆ.

ಹಾಗಾದರೆ ತಂತಿ ಬದಲಾಯಿಸಿದರೆ ಆಯಿತಲ್ವಾ? ದಿನಕ್ಕೆ ಸುಮಾರು 70 ಲಕ್ಷ ಜನ ಹತ್ತಿಳಿಯುವ ರೈಲನ್ನು ನಿಲ್ಲಿಸಿ ಅಲ್ಲ! ಅದಕ್ಕೇ ಮೊದಲು ಎರಡೂ ಕರೆಂಟಿನ ಗಾಡಿಗಳನ್ನು ತಂದರು. ಸೀಮೆನ್ಸ್ ಉಪಕರಣದ ಅಂಥ ಗಾಡಿಗಳು 2007ರಿಂದ ಓಡತೊಡಗಿದವು. ತಂತಿಯನ್ನು ಆಮೇಲೆ ತುಂಡು ತುಂಡಾಗಿ, ದೂರದ ತುದಿಯಿಂದ ನಗರದ ಒಳಕ್ಕೆ ಬದಲಾಯಿಸುತ್ತಾ ಬಂದರು. ಎರಡು ಕರೆಂಟ್ ಸಂಧಿಸುವ ಗಡಿಯೂ ಹಾಗೇ ಜರುಗುತ್ತಾ ಬಂತು.

ಆ ಗಡಿಯಲ್ಲಿ ಕರೆಂಟೇ ಇಲ್ಲದ ಸಣ್ಣ ತುಂಡು ತಂತಿ ಇರುತ್ತದೆ. ಅಲ್ಲಿಗೆ ಬರುವ ಮೊದಲೇ ಬ್ರೇಕರ್ (ಗಾಡಿಯ ದೊಡ್ಡ ಸ್ವಿಚ್) ತೆರೆಯಬೇಕು, ಅಂದರೆ ಕರೆಂಟ್ ಕಡಿಯಬೇಕು. ಗಾಡಿ ಬಂದ ವೇಗದಲ್ಲೇ ಉರುಳಿಕೊಂಡು ಆಚೆ ಹೋಗುತ್ತದೆ. ಆಚೆಯ ತಂತಿಯಲ್ಲಿ ಯಾವ ಕರೆಂಟಿದೆ ಅಂತ ಉಪಕರಣ ಅಳೆದು ನೋಡುತ್ತದೆ, ಸರಿಹೊಂದಿದರೆ ಮಾತ್ರ ಬ್ರೇಕರ್ ಮುಚ್ಚುತ್ತದೆ. ಎಸಿ ಇದ್ದರೆ ಟ್ರಾನ್ಸ್‌ಫಾರ್ಮರ್‌ ಮೂಲಕ ಇಳಿಸಿ, ಡಿಸಿ ಮಾಡಿಕೊಳ್ಳುತ್ತದೆ. ಡಿಸಿಯೇ ಇದ್ದರೆ ಟ್ರಾನ್ಸ್‌ಫಾರ್ಮರನ್ನು ಬಳಸುವುದೇ ಇಲ್ಲ. ಅಲ್ಲಿಂದ ಮುಂದೆ ಇನ್ವರ್ಟರ್, ಮೋಟರ್ ಎಲ್ಲ ಒಂದೇ. ಡಿಸಿಗೆ ಹೊಂದಿಸಿದ ಗಾಡಿಗೆ 25,000 ವೋಲ್ಟ್ ಹೊಡೆದರೆ ಕಥೆ ಮುಗೀತು. ಅದಕ್ಕೇ ಇಷ್ಟೆಲ್ಲ ಕಾವಲು.

ಬೆಲೆಯೂ ಇದೆ. ಡಿಸಿ ದಾರಿಯಲ್ಲಿ ಅಷ್ಟು ಭಾರದ ಟ್ರಾನ್ಸ್‌ಫಾರ್ಮರನ್ನು ಸುಮ್ನೆ ಹೊತ್ತು ತಿರುಗಬೇಕು. ಹಾಗಾಗಿ ನನ್ನ ಪ್ರಕಾರ ಮುಂಬೈಗೆ ಇದು ದಾಟಿಕೊಳ್ಳಲು ಬೇಕಾಗಿದ್ದ ಗಾಡಿ, ಅಷ್ಟೇ. ಪಶ್ಚಿಮ ಮಾರ್ಗ 2012ರಲ್ಲಿ ಪೂರ್ತಿ ಎಸಿ ಆಯಿತು, ನಿಮ್ಮ ಡೊಂಬಿವಲಿಯ ಮುಖ್ಯ ಮಾರ್ಗ 2015ರಲ್ಲಿ. ಕೊನೆಯ ಡಿಸಿ ಲೋಕಲ್ 2016ರ ಏಪ್ರಿಲ್‌ನಲ್ಲಿ ಹಾರ್ಬರ್ ಲೈನಿನಲ್ಲಿ ಓಡಿತು. 1925ರಲ್ಲಿ ಮೊದಲ ವಿದ್ಯುತ್ ಗಾಡಿ ಹೊರಟಿದ್ದೂ ಅದೇ ಲೈನಿನಲ್ಲಿ. ಲಂಡನ್ನಿನ ಥೇಮ್ಸ್‌ಲಿಂಕ್ ರೈಲಿನ ಕಥೆ ಬೇರೆ. ಉತ್ತರಕ್ಕೆ 25,000 ವೋಲ್ಟ್ ತಂತಿ, ದಕ್ಷಿಣಕ್ಕೆ ತಂತಿಯ ಬದಲು ನೆಲದಲ್ಲೇ ಕರೆಂಟ್ ಕೊಡುವ 750 ವೋಲ್ಟ್ ಡಿಸಿಯ ಮೂರನೇ ಹಳಿ. ಅಲ್ಲಿ ಇಂಥ ಗಾಡಿಗಳಿಲ್ಲದೆ ನಡೆಯುವುದೇ ಇಲ್ಲ.

ಬೆಂಗಳೂರಿಗೆ ಬೇಡ. ಉಪನಗರ ರೈಲಿಗೆ ಮೊದಲಿನಿಂದಲೇ 25,000 ವೋಲ್ಟ್ ಎಸಿ ಅಂತ ತೀರ್ಮಾನವಾಗಿದೆ. ನಮ್ಮ ಮೆಟ್ರೋ ಓಡುವುದು 750 ವೋಲ್ಟ್ ಡಿಸಿಯಲ್ಲಿ, ನಿಜ. ಆದರೆ ಎರಡನ್ನೂ ಒಂದೇ ಗಾಡಿಯಲ್ಲಿ ಜೋಡಿಸೋಣ ಅಂದರೆ ಕರೆಂಟಿಗಿಂತ ಮೊದಲು ಹಳಿಯೇ ಅಡ್ಡ ಬರುತ್ತದೆ. ಮೆಟ್ರೋ ಹಳಿಗಳ ನಡುವಿನ ಅಗಲ 1,435 ಮಿಲಿಮೀಟರ್, ಉಪನಗರ ರೈಲಿನದ್ದು 1,676.